ಮಾದೇವನ ಲಗ್ನ ಮುಂದೂಡಲು ಹೋದದ್ದು

ಅಂತರಸಂತೆಯಿಂದ ಬೆಳಗಿನ ಸರ್ವಿಸ್ ಬಸ್ಸು ಹೊರಟಾಗ ರಸ್ತೆಯ ಆಚೆ ಬದಿ ಕಾಣದಷ್ಟು ಮಂಜು ಬಿದ್ದಿತ್ತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡೇ ತಾಲ್ಲೂಕು ಊರಾದ ಕೋಟೆಯವರೆಗೂ ಬಸ್ಸು ಓಡಿಸಿದ. ನಾನು ಹುಣಸೂರಿನಲ್ಲಿ ಮಿಡ್ಲ್‌ಸ್ಕೂಲು ಮೇಷ್ಟ್ರು. ಪಕ್ಕದಲ್ಲಿ ಕೂತಿದ್ದವನು ನನ್ನಣ್ಣನ ಮಗ ಮಾದೇವ. ಅವನು ವಾಯುಪಡೆಯಲ್ಲಿ ಜೆಟ್ ವಿಮಾನ ಹಾರಿಸುವ ಕೆಲಸಕ್ಕೆ ಆರಿಸಲ್ಪಟ್ಟಿದ್ದ. ಹಾರುವುದು ಆಮೇಲಿನ ಮಾತು. ಮೊದಲು ಅವನ ಮದುವೆ ನಿಲ್ಲಬೇಕಿತ್ತು.

ಹೊಸ ಅಗ್ರಹಾರದ ಅವನ ಸೋದರಮಾವನ ಮಗಳು ಗಿರಿಜೆಯೊಂದಿಗೆ ಯುಗಾದಿ ಕಳೆದ ಮೇಲೆ ಲಗ್ನವೆಂದು ವೀಳ್ಯ ಬದಲಾಯಿಸಿ ಆಗಿತ್ತು. ವಾಯುಪಡೆಯವರಿಗೆ ಬೇಕಾದವನು ಮದುವೆಯಾಗದ ಹುಡುಗ. ಕಲಿಕೆ ಮುಗಿಯುವವರೆಗೂ ಅವನು ಹಾಗೆಯೇ ಇರಬೇಕು. ಮಾವನ ಮನೆಗೆ ಹೋಗಿ ಕೆಲವು ವರ್ಷ ತಡೆಯಿರಿ ಎಂದು ಕೇಳಿಕೊಳ್ಳುವುದು ನಮ್ಮ ಪ್ರಯಾಣದ ಉದ್ದೇಶ. ಅಣ್ಣ ಬರಲು ಸುತರಾಂ ಒಪ್ಪಲಿಲ್ಲ. "ನಿನ್ ಮನೇಲಿ ಇಟ್ಕಂಡು ಓದ್ಸಿ ಕೆಡ್ಸಿದೋನು ನೀನು ಕಣ್ಲಾ. ನೀನೇ ಓಗಿ ಬೈಸ್ಕಂಡು ಬಾ" ಎಂದು ಜಗಲಿಯಿಂದಲೇ ಕಳಿಸಿಬಿಟ್ಟ.

ಕೋಟೆಯಲ್ಲಿ ಬಸ್ಸು ಬದಲಾಯಿಸಿ ಹುಣಸೂರಿನವರೆಗೆ ಕುಲುಕಾಡುತ್ತ ಬರುವಾಗ, ಆಯ್ಕೆಯಾಗಲು ಏನೇನು ಮಾಡಿಸಿದರೆಂದು ಕೇಳಿದೆ. ಪರೀಕ್ಷೆ ಬರೆಸಿ, ಹಗ್ಗ ಹಲಗೆ ಕೊಟ್ಟು ಹಳ್ಳ ದಾಟಿಸಿ, ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರನೆ ಸುತ್ತಿಸಿದರಂತೆ. ಗಾಜಿನ ಕೊಳವೆಗೆ ಊದಿ ಪಾದರಸವನ್ನು ಮೇಲಕ್ಕೆತ್ತಿ, ಉಸಿರು ಬಿಡದೆ ಅಲ್ಲೇ ನಿಲ್ಲಿಸಬೇಕಂತೆ. ಕಾಲಿನ ಉದ್ದವನ್ನೂ ಅಳೆದರಂತೆ. ಎಲ್ಲದರಲ್ಲೂ ಗೆದ್ದವನು ಕಿವಿಯಲ್ಲಿ ಸಿಕ್ಕಿಬಿದ್ದ. ಪ್ರಯಾಣಕ್ಕೆ ಒಳ್ಳೆಯದಾಗಲೆಂದು ಅತ್ತಿಗೆ ತಲೆಗೆ ಎಣ್ಣೆ ಒತ್ತಿ, ಎರಡೂ ಕಿವಿಗೆ ಬೆಚ್ಚನೆಯ ಹರಳೆಣ್ಣೆ ಬಿಟ್ಟು ಕಳಿಸಿದ್ದರು. ಡಾಕ್ಟರು ದೀಪ ಹಿಡಿದು ನೋಡಿದರೆ ಒಳಗೆ ಕಿವಿಯ ತಮಟೆ ಕಾಣುವುದೇ ಇಲ್ಲ! "ಇದೇನು ಕಿವಿಯೋ, ಗಾಣವೋ?" ಎಂದು ರೇಗಿ, ತೊಳೆಸಿಕೊಂಡು ಬಾ ಎಂದು ಅಟ್ಟಿದರಂತೆ. ನಾನು ಮುಂದಿನ ಸೀಟು ಹಿಡಿದುಕೊಂಡು ನಕ್ಕೆ.

ಹುಣಸೂರಿನ ನಮ್ಮ ಮನೆಯಲ್ಲಿ ಮಲಗೆದ್ದು, ಬೆಳಿಗ್ಗೆ ನೇರ ಹೊಸ ಅಗ್ರಹಾರಕ್ಕೆ ಹೋಗದೆ ಪಿರಿಯಾಪಟ್ಟಣದ ಬಸ್ಸು ಹತ್ತಿದೆವು. ಈ ಸಂಬಂಧ ಕುದುರಿಸಿದವರು ಅಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುವ ನಮ್ಮ ದೊಡ್ಡಪ್ಪ. ಅವರಿಗೆ ಹೇಳದೆ ಹೋದರೆ ಅದು ಬೇರೆ ರಾದ್ಧಾಂತ. ಬಸ್ಸಿಗೆ ಆರಾಣೆ ಕೊಟ್ಟೆವು. ಇಬ್ಬರು ಕೂರುವ ಜಾಗದಲ್ಲಿ ನಾಲ್ವರು ಕೂತಿದ್ದೆವು.

ದೊಡ್ಡಪ್ಪನ ಮನೆಯ ಪಡಸಾಲೆಯ ತುಂಬ ಹೊಗೆಸೊಪ್ಪಿನ ಕಟ್ಟುಗಳು. ಅದರ ಘಾಟಿಗೆ ನಾನು ಸೀನುತ್ತಲೇ ವಿಷಯ ತಿಳಿಸಿದೆ. ಅವರು ಮುದ್ದೆ, ಹಿತಿಕಿದ ಅವರೆಬೇಳೆ ಸಾರು ಬಡಿಸಲು ಹೇಳಿ, ನಿಧಾನವಾಗಿ ಕೇಳಿದರು: "ಅಲ್ಲ ಕಣಪ್ಪ ಮಾದೇವ, ಮದ್ವೆ ಆದೋನ್ಗೆ ಇಮಾನ ಏಳಾಕಿಲ್ವಾ? ಅಷ್ಟು ಭಾರ ಆಗೋಯ್ತಾನಾ?"

"ಹಂಗಲ್ಲ ತಾತ, ಕಲಿಯೋವಾಗ ಮನೆ ಕಡೆ ಧ್ಯಾನ ಇರಬಾರದು ಅಂತ" ಎಂದ ಮಾದೇವ.

"ಅಂಗಾದ್ರೆ ಸುಲಭ ಬುಡು. ಇಲ್ಲೇ ಗುಟ್ಟಾಗಿ ತಾಳಿ ಕಟ್ಬುಡು. ಯೆಣ್ಣು ಅವರಪ್ಪನ ಮನೇಲಿರ್ಲಿ. ಇಮಾನದೋರು ಪಿರಿಯಾಪಟ್ಣಕ್ಕೆ ಬಂದು ನೋಡ್ತಾರಾ?"

ನಿಜ ಹೇಳಬೇಕೆಂದರೆ ಆ ಉಪಾಯ ನನಗೆ ಬಹಳ ಹಿಡಿಸಿತು. ಯಾರಿಗೂ ನೋವಿಲ್ಲ, ಬೈಗುಳವಿಲ್ಲ. ಮಾದೇವ ಮಾತ್ರ ತಲೆ ಅಲ್ಲಾಡಿಸಿದ. "ಮೇಲೆ ಒಬ್ಬನೇ ಇರ್ತೀನಿ ತಾತ. ಎಣ್ಣೆ ಎಷ್ಟಿದೆ, ಏನು ಕೆಟ್ಟಿದೆ ಅಂತ ನಾ ಹೇಳಿದ್ದನ್ನೇ ಕೆಳಗಿರೋರು ನಂಬ್ಬೇಕು. ಸೇರೋವಾಗ್ಲೇ ಸುಳ್ಳು ಹೇಳಿದ್ರೆ ಹೆಂಗೆ?" ದೊಡ್ಡಪ್ಪ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇನ್ನೊಂದು ಮುದ್ದೆ ಹಾಕಿಸಿದರು. ಕೊನೆಗೆ "ಓಗಿ ಕೇಳ್ಕಳಿ. ನಂದೇನೂ ಅಡ್ಡಿಯಿಲ್ಲ" ಎಂದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೆ.ಆರ್. ನಗರದಲ್ಲಿದ್ದೆವು. ಊರು ಹೊಸದು, ಬೀದಿಗಳು ನೇರ. ಆದರೂ ನಮ್ಮ ಕಂಡಕ್ಟರು ಹಳೆಯ ಹೆಸರಿನಲ್ಲಿ "ಎಡತೊರೆ ಇಳ್ಕಳಿ" ಎಂದೇ ಕೂಗಿದ. ಅಲ್ಲಿಂದ ಹೊಸ ಅಗ್ರಹಾರಕ್ಕೆ ಎತ್ತಿನ ಗಾಡಿ. ನಾಲೆಯ ನೀರುಂಡ ಗದ್ದೆಗಳ ಕೊಯ್ಲು ಮುಗಿದು, ಎಲ್ಲ ಕಣಗಳಲ್ಲೂ ಹುಲ್ಲು ಬಡಿಯುತ್ತಿದ್ದರು. ಗಿರಿಜೆ ಎಂದರೆ ಮಾದೇವನಿಗೆ ಪ್ರಾಣ. ಅವಳು ಕಾಯದಿದ್ದರೆ ಏನು ಮಾಡುತ್ತೀಯೆಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಅವನ ಮಾವ ಪುಟ್ಟಬಸಪ್ಪ ಕಣದಿಂದ ಓಡಿ ಬಂದು, ಕಾಲಿಗೆ ನೀರು ಕೊಡಿಸಿ, ಬೆಲ್ಲ ನೀರು ತರಿಸಿದರು. ವಿಷಯ ಕೇಳಿದ ಮೇಲೆ ಮುಖ ಬಿಗಿಯಿತು. "ಎಷ್ಟು ವರ್ಸ ಯೋಳಿ ಮೇಷ್ಟ್ರೇ."

"ಎರಡು" ಎಂದೆ.

"ಕಲಿಯೋಕೆ ಎರಡು ಮಾವ. ಆಮೇಲೂ ಇಪ್ಪತ್ತೈದು ತುಂಬೋವರ್ಗೂ ಮದುವೆ ಆಗೋದು ಅವರಿಗೆ ಇಷ್ಟ ಇಲ್ಲ. ಐದು ವರ್ಷ ಅನ್ಕೊಳ್ಳಿ" ಎಂದ ಮಾದೇವ. ನಾನು ಚಾಪೆಯ ಮೇಲೆ ಅವನ ಕಾಲು ಒತ್ತಿದ್ದು ದಂಡವಾಯಿತು.

ಪುಟ್ಟಬಸಪ್ಪ ಹೆಗಲ ಮೇಲಿನ ಟವೆಲಿನಿಂದ ಮೈಮೇಲಿನ ಕಣದ ಧೂಳು ಒರೆಸಿಕೊಂಡರು. ಕೊನೆಗೆ, "ನಮ್ಮಕ್ಕನ ಮಗ. ಇಲ್ಲ ಅನ್ನಾಕಾಯ್ತದಾ? ಆಡ್ಕಳೋರು ಆಡ್ಕಳ್ಲಿ, ತಡೀತೀವಿ" ಎಂದುಬಿಟ್ಟರು. ನನಗೆ ಹೋದ ಜೀವ ಬಂತು. ಎದ್ದು ಅವರ ಕೈ ಹಿಡಿದುಕೊಳ್ಳಬೇಕೆನ್ನುವಾಗ ಅವರು ಸುಮ್ಮನೆ ಮಾತಿಗೆಂಬಂತೆ ಕೇಳಿದರು: "ಅಲ್ಲ ಕಣಪ್ಪ, ಈ ಇಮಾನಗಳು ಬೀಳ್ತವಾ?"

"ಬೀಳ್ತವೆ ಮಾವ. ಯುದ್ಧ ಇಲ್ದಿದ್ರೂ ಬೀಳ್ತವೆ. ಕಲಿಯೋವಾಗ್ಲೇ ಎಷ್ಟೋ ಜನ ಹೋಗಿದ್ದಾರೆ."

ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದ ಗಿರಿಜೆ ಹೊರಗೆ ಬಂದಳು. "ಅಪ್ಪ, ಕಾಯೋಳು ನಾನಲ್ವಾ? ನನ್ನೂ ಒಂದ್ ಮಾತು ಕೇಳಿ" ಎಂದಳು. "ಒಳೀಕೆ ಓಗವ್ವ" ಎಂದು ಮೂಲೆಯಲ್ಲಿ ಕೂತಿದ್ದ ಅವಳ ಅಜ್ಜಿ ಗದರಿತು. ಮಾದೇವ ಎದ್ದು ನಿಂತು, "ಹೇಳು ಗಿರಿಜಾ" ಎಂದ.

"ದೂರ ಇರ್ತೀರಿ ಅಷ್ಟೇ ಆಗಿದ್ರೆ ಹತ್ ವರ್ಸ ಬೇಕಾದ್ರೂ ಕಾಯ್ತಿದ್ದೆ. ಇವತ್ತು ಬಿದ್ರಾ, ನಾಳೆ ಬೀಳ್ತಾರಾ ಅಂತ ದಿನಾ ಎದೆ ಇಡ್ಕಂಡು ಕೂರಾಕೆ ನನ್ ಕೈಲಾಗಲ್ಲ. ನಿಮ್ಮೇಲೆ ಕ್ವಾಪ ಇಲ್ಲ. ನೀವು ಓಗಿ. ನಮ್ಮಪ್ಪ ಬ್ಯಾರೆ ಕಡೆ ನೋಡ್ಲಿ." ಅಷ್ಟು ಹೇಳಿ, "ಊಟಕ್ಕೆ ಏಳಿ" ಎಂದು ಒಳಗೆ ಹೋದಳು.

ಉಂಡೆವು. ಏನು ಉಂಡೆವೋ ನೆನಪಿಲ್ಲ. ಪುಟ್ಟಬಸಪ್ಪ ಗಾಡಿಯವರೆಗೂ ಬಂದು, ಅಕ್ಕನಿಗೆಂದು ಒಂದು ಚೀಲ ಹೊಸ ಅಕ್ಕಿ ಹಾಕಿಸಿದರು. ಮಾದೇವನ ಭುಜ ತಟ್ಟಲು ಕೈ ಎತ್ತಿದವರು ಹಾಗೆಯೇ ಇಳಿಸಿಕೊಂಡರು.

ಕೆ.ಆರ್. ನಗರದ ಸ್ಟೇಷನ್ನಿನಲ್ಲಿ ಮೈಸೂರಿನ ರೈಲು ತಡವಾಗಿತ್ತು. ಬೆಂಚಿನ ಮೇಲೆ ಅಕ್ಕಿಯ ಚೀಲಕ್ಕೆ ಒರಗಿ ಕೂತ ಮಾದೇವನ ಕಣ್ಣು ಕೆಂಪಾಗಿತ್ತು. "ಹೋಗಲಿ ಬಿಡೋ, ಈಗ ನಿನಗೆ ಯಾವ ಅಡ್ಡಿಯೂ ಇಲ್ಲವಲ್ಲ" ಎಂದೆ. ಬಾಯಿಗೆ ಬಂದ ಸಮಾಧಾನ ಅದೊಂದೇ.

"ಬಿಟ್ಟುಕೊಡಿ ಅಂತ ಕೇಳೋಕೆ ಬಂದಿರ್ಲಿಲ್ಲ ಚಿಕ್ಕಪ್ಪ. ಕಾಯಿ ಅಂತ ಕೇಳೋಕೆ ಬಂದಿದ್ದೆ."

ನನಗೆ ತಡೆಯಲಾಗಲಿಲ್ಲ. "ಅವರು ಒಪ್ಪಿಯಾಗಿತ್ತು ಕಣೋ! ಬೀಳಲ್ಲ ಅಂತ ಒಂದು ಮಾತು ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?"

ಅವನು ನನ್ನನ್ನು ಆಶ್ಚರ್ಯದಿಂದ ನೋಡಿದ. "ಮಾವ ಕೇಳಿದ್ರಲ್ಲ ಚಿಕ್ಕಪ್ಪ" ಎಂದ.

ಇವನು ಪೈಲಟ್ ಆಗಿಯೇ ತೀರುತ್ತಾನೆ ಎಂದು ನನಗೆ ಆಗ ಖಾತ್ರಿಯಾಯಿತು. ಸಂತೋಷ ಮಾತ್ರ ಆಗಲಿಲ್ಲ.