ರಾಜನ ಕಡೆಗೆ ಒಬ್ಬರು ಬೇಕಾಗಿದ್ದರು

ಹೆಬ್ಬೆರಳಿನ ಒಂದು ಗಿಣ್ಣಿನಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರ ಒಂದು ಡಬ್ಬಕ್ಕೆ ನಾನು ಕೊಟ್ಟದ್ದು ಐದು ಸಾವಿರದ ಹತ್ತಿರ. ವಿದೇಶದ ಮಾಲು, ಸಾಗಣೆ, ಸುಂಕ ಎಲ್ಲ ಸೇರಿ ಅಷ್ಟಾಗುತ್ತದೆ. ಅಷ್ಟು ಕೊಟ್ಟರೂ ಡಬ್ಬದಲ್ಲಿ ಸೈನಿಕರು ಇರಲಿಲ್ಲ. ಒಂದು ಚೌಕಟ್ಟಿನ ತುಂಬ ತಲೆಗಳು, ಇನ್ನೊಂದರಲ್ಲಿ ಕೈಗಳು, ಮತ್ತೊಂದರಲ್ಲಿ ಮುಂಡಗಳು. ಅಂಟಿಸುವುದೂ ನಾವೇ, ಬಣ್ಣ ಹಚ್ಚುವುದೂ ನಾವೇ. ಗೋವಿಂದರಾಜನಗರದಲ್ಲಿ ಪ್ಲೈವುಡ್, ಹಾರ್ಡ್‌ವೇರ್ ಅಂಗಡಿಯನ್ನು ಸ್ವಂತ ದುಡಿಮೆಯಿಂದ ಕಟ್ಟಿದವನು ನಾನು. ಒಂದು ಪೊಟ್ಟಣ ಮೊಳೆಯನ್ನೂ ಚೌಕಾಸಿ ಮಾಡದೆ ಕೊಂಡವನಲ್ಲ. ಆ ಡಬ್ಬಕ್ಕೆ ಮಾತ್ರ ತೆಪ್ಪಗೆ ದುಡ್ಡು ಕಟ್ಟಿದೆ. ಕಟ್ಟಿಸಿದವರು ಹೇಮಲತಾ ಮೇಡಂ. “ಬೇರೆಯವರು ಬಣ್ಣ ಹಚ್ಚಿದ ಸೈನಿಕರನ್ನ ಸಾಯಿಸೋದು ಸುಲಭ, ನಾಗರಾಜ್. ನಿಮ್ಮದೇ ಅಂತ ಒಂದು ತುಕಡಿ ಮಾಡ್ಕೊಳ್ಳಿ. ಆಮೇಲೆ ನೋಡೋಣ ನಿಮ್ಮ ಧೈರ್ಯ,” ಎಂದಿದ್ದರು.

ಮೇಡಂ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಬ್ಯಾಗಿನಲ್ಲಿ ಹಣಿಗೆ ಇಲ್ಲದಿದ್ದರೂ ಸ್ಟೀಲ್ ಸ್ಕೇಲ್ ಇರುತ್ತಿತ್ತು. ಮೊದಲ ಸಲ ಅಂಗಡಿಗೆ ಬಂದಾಗ ಆರಡಿ ಉದ್ದ, ನಾಲ್ಕಡಿ ಅಗಲದ ಹಲಗೆ ಬೇಕು, ಕಾಲು ಬೇಡ ಎಂದರು. ಅಡುಗೆಮನೆಗೋ ಮಂಚಕ್ಕೋ ಗೊತ್ತಾದರೆ ತಕ್ಕ ಮಾಲು ಕೊಡಬಹುದು ಎಂದು ನಾನು ವಿಚಾರಿಸಿದೆ. “ಯುದ್ಧಕ್ಕೆ,” ಎಂದರು. ನಾನು ಹೇಳಿದ ಬೆಲೆಗೆ ಮರುಮಾತಿಲ್ಲದೆ ಒಪ್ಪಿಕೊಂಡುಬಿಟ್ಟರು. ಗಿರಾಕಿ ಹಾಗೆ ಒಪ್ಪಿಕೊಂಡರೆ ನನ್ನಂಥವನಿಗೆ ಎಲ್ಲೋ ತಾನೇ ಮೋಸ ಹೋದೆ ಅನ್ನಿಸುತ್ತದೆ. ನಾನೇ ಸ್ವಲ್ಪ ಇಳಿಸಿ, ಏನಿದು ನೋಡೇಬಿಡೋಣ ಎಂದು ಟೆಂಪೊ ಹತ್ತಿಕೊಂಡು ಬಸವೇಶ್ವರನಗರದ ಅವರ ಮನೆಗೆ ಹೋದೆ.

ಬೇರೆ ಮನೆಗಳಲ್ಲಿ ಬೊಂಬೆ, ಬೆಳ್ಳಿ ಲೋಟ ಇಡುವ ಷೋಕೇಸಿನಲ್ಲಿ ಅಲ್ಲಿ ಎರಡು ಸೈನ್ಯಗಳು ನಿಂತಿದ್ದವು. ಸುಮಾರು ಮುನ್ನೂರೆಂಬತ್ತು ವರ್ಷಗಳ ಹಿಂದೆ ಇಂಗ್ಲೆಂಡಿನವರು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡ ಯುದ್ಧವಂತೆ. ಒಂದು ಕಡೆ ರಾಜ, ಇನ್ನೊಂದು ಕಡೆ ಪಾರ್ಲಿಮೆಂಟು. ಹಲಗೆಯ ಮೇಲೆ ಹಸಿರು ಬಟ್ಟೆ ಹಾಸಿ, ದಿಬ್ಬ, ಬೇಲಿ, ಹಳ್ಳಿ ಜೋಡಿಸಿ, ದಾಳ ಉರುಳಿಸುತ್ತಾ ಆ ಯುದ್ಧವನ್ನು ಮತ್ತೆ ಆಡುವುದು. ಎಷ್ಟೋ ವರ್ಷ ರಾಜನ ಕಡೆ ಕೂರುತ್ತಿದ್ದವರು ಅವರ ಕಚೇರಿಯ ಸಹೋದ್ಯೋಗಿಯೊಬ್ಬರು, ಅವರು ತೀರಿಕೊಂಡಿದ್ದರು. “ಎರಡೂ ಕಡೆ ನಾನೇ ಕೂತ್ರೆ ಏನು ಮಜಾ? ನನ್ನ ಹೊಂಚು ನನಗೇ ಗೊತ್ತಿರುತ್ತಲ್ಲ,” ಎಂದರು. ಯುಗಾದಿಯೊಳಗೆ ಮೊದಲಿನಿಂದ ಕೊನೆಯವರೆಗೆ ಒಂದು ಪೂರ್ತಿ ಯುದ್ಧ ಆಡಬೇಕು, ರಾಜನ ಕಡೆಗೆ ಒಬ್ಬರು ಬೇಕು. ಅಷ್ಟೇ ಅವರ ಆಸೆ. ಅವಸರ ಯಾಕೆಂದು ಹೇಳಲಿಲ್ಲ. ನಾನು ಯಾಕೆ ಒಪ್ಪಿಕೊಂಡೆ ಎನ್ನುವುದು ನನ್ನ ಹೆಂಡತಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಭಾನುವಾರದ ಪಾಠ ಶುರುವಾಯಿತು, ಗೊಂದಲವೂ ಶುರುವಾಯಿತು. ಎರಡೂ ಕಡೆಯವರದು ಒಂದೇ ಭಾಷೆ, ಒಂದೇ ಥರದ ಟೋಪಿ, ಒಂದೇ ಥರದ ಬೂಟು. ರಾಜನ ಕಡೆಯವರ ಎದೆಪಟ್ಟಿ ಕೆಂಪು, ಪಾರ್ಲಿಮೆಂಟಿನವರದು ಕಿತ್ತಳೆ, ಅಷ್ಟೇ ವ್ಯತ್ಯಾಸ. ಸಾಲದ್ದಕ್ಕೆ ರಾಜನ ವಿರುದ್ಧ ನಿಂತವರೂ ತಾವು ರಾಜನ ಹಿತಕ್ಕಾಗಿಯೇ ಹೋರಾಡುತ್ತಿದ್ದೇವೆ ಎನ್ನುತ್ತಿದ್ದರಂತೆ.

“ಹಾಗಾದ್ರೆ ಜಗಳ ಯಾತಕ್ಕೆ ಮೇಡಂ?”

“ನಿಮ್ಮ ಕ್ರಾಸಲ್ಲಿ ಎರಡು ಗಣೇಶ ಯಾಕೆ ಕೂರಿಸ್ತೀರ, ಮೊದಲು ಅದನ್ನ ಹೇಳಿ.”

ಎರಡನೇ ಗಣೇಶನ ಸಮಿತಿಯಲ್ಲಿ ನಾನೇ ಇದ್ದೇನೆ. ವಂತಿಗೆ ಎತ್ತುವವರು ಯಾರು, ಪೂಜೆಯ ಕ್ರಮ ಹೇಳುವವರು ಯಾರು ಎಂಬಲ್ಲಿಂದ ನಮ್ಮದು ಒಡೆಯಿತು. ಅವರದೂ ಹೆಚ್ಚುಕಡಿಮೆ ಅಲ್ಲಿಂದಲೇ ಅಂತೆ.

ನಾನು ಅಂಟಿಸಿದ ಮೊದಲ ಸೈನಿಕನ ತಲೆ ಬೆನ್ನಿನ ಕಡೆ ತಿರುಗಿತ್ತು. ಮೇಡಂ ಅವನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಇರಲಿ ಬಿಡಿ, ಹಿಂದೆ ನೋಡ್ತಾ ಓಡೋನು ಎಲ್ಲ ಸೈನ್ಯದಲ್ಲೂ ಒಬ್ಬ ಇರ್ತಾನೆ ಎಂದರು. ಆಟದಲ್ಲೂ ಇದೇ ಪಾಡು. ನನ್ನ ಕುದುರೆ ಪಡೆ ಎದುರಿನವರನ್ನು ಹೊಡೆದೋಡಿಸಿತು ಎಂದು ಹಿಗ್ಗುವಷ್ಟರಲ್ಲಿ, ಆ ಕುದುರೆಗಳನ್ನೇ ಹಲಗೆಯಿಂದ ಆಚೆ ಇಡಿ ಎಂದು ಮೇಡಂ ಹೇಳುತ್ತಿದ್ದರು. ಗೆದ್ದವರು ಯಾಕೆ ಹೋಗಬೇಕು ಎಂದರೆ, ಲೂಟಿಗೆ ಹೋದರು, ಸದ್ಯಕ್ಕೆ ಬರುವುದಿಲ್ಲ ಎಂಬ ಉತ್ತರ. ಒಂದು ಭಾನುವಾರ ತಲೆ ಕೆಟ್ಟು ನನಗೆ ಬರುವ ವಿದ್ಯೆಯನ್ನೇ ಹೊರತೆಗೆದೆ. “ಮೇಡಂ, ಆ ದಿಬ್ಬ ನೀವಿಟ್ಕೊಳ್ಳಿ, ಈ ಹಳ್ಳಿ ನನಗೆ ಬಿಡಿ. ಇಲ್ಲಿಗೆ ಸೆಟ್ಲ್ ಮಾಡ್ಕೊಳ್ಳೋಣ.”

ಅವರು ದೂರ ಅಳೆಯುತ್ತಿದ್ದ ಸ್ಕೇಲ್ ಕೆಳಗಿಟ್ಟು ನಕ್ಕರು. “ಅವರೂ ಎಷ್ಟೋ ಸಲ ಮಾತಿಗೆ ಕೂತಿದ್ರು ಕಣ್ರೀ. ನಾನೇ ಗೆಲ್ತೀನಿ ಅಂತ ಇಬ್ರಿಗೂ ಅನ್ನಿಸ್ತಿರೋವಾಗ ವ್ಯಾಪಾರ ಎಲ್ಲಿ ಕುದುರುತ್ತೆ?” ಆ ದಿನವೂ ಆಟ ಅರ್ಧಕ್ಕೇ ನಿಂತಿತು. ಬಟ್ಟೆ ಮಡಚುವಾಗ ಅವರ ಮುಖದಲ್ಲಿ ನಗು ಉಳಿದಿರಲಿಲ್ಲ. ಯುಗಾದಿ ಹತ್ತಿರವಾಗುತ್ತಿತ್ತು.

ಮುಂದಿನ ವಾರ ಮೇಡಂ ನನ್ನ ಕೆಂಪು ಪಟ್ಟಿಯ ತುಕಡಿಯೊಂದನ್ನು ಎತ್ತಿ ನನ್ನ ಫಿರಂಗಿಗಳ ಮೇಲೇ ನುಗ್ಗಿಸಿದರು. ಇದೂ ನಿಯಮವಿರಬಹುದು ಎಂದುಕೊಂಡು ಕೇಳಿದೆ. ಕೆಲವು ತುಕಡಿಗಳು ಪಕ್ಷ ಬದಲಾಯಿಸುತ್ತಿದ್ದವು ಎಂದು ಥಟ್ಟನೆ ಹೇಳಿದರು. ಅದರ ಮುಂದಿನ ವಾರವೂ ಹಾಗೇ ಆಯಿತು. ಆಗ ಅವರ ಮುಖವನ್ನೇ ಗಮನಿಸಿದೆ. ಹಲಗೆಯನ್ನು ನೇರವಾಗಿ ನೋಡದೆ ಕತ್ತು ಓರೆ ಮಾಡಿ ಅಂಚಿನಿಂದ ನೋಡುತ್ತಿದ್ದರು. ದಾಳದ ಮೇಲಿನ ಗುಳಿಗಳನ್ನು ಬೆರಳ ತುದಿಯಿಂದ ಸವರುತ್ತಿದ್ದರು. ಅವಸರದ ಕಾರಣ ನನಗೆ ತಿಳಿಯಿತು.

ಬಾಯಿಬಿಟ್ಟು ಕೇಳಲು ಧೈರ್ಯ ಸಾಲಲಿಲ್ಲ. ಮುಂದಿನ ಭಾನುವಾರ ಅಂಗಡಿಯಿಂದ ಸ್ಯಾಂಡ್ ಪೇಪರ್ ಕತ್ತರಿಸಿಕೊಂಡು ಹೋದೆ. ಒಂದೊಂದು ತುಕಡಿಯೂ ಒಂದೊಂದು ತಟ್ಟೆಯ ಮೇಲೆ ನಿಂತಿರುತ್ತದೆ, ಬೆರಳಿಟ್ಟು ಸರಿಸುವುದು ಆ ತಟ್ಟೆಯ ಹಿಂದಿನ ಅಂಚನ್ನು. ಅವರು ಕಾಫಿ ತರಲು ಒಳಗೆ ಹೋದಾಗ ನನ್ನ ಕಡೆಯ ತಟ್ಟೆಗಳ ಆ ಅಂಚಿಗೆಲ್ಲ ಒಂದೊಂದು ತುಂಡು ಅಂಟಿಸಿದೆ. ಮೇಡಂ ಬಂದು ಕೂತು ಒಂದು ತಟ್ಟೆಗೆ ಕೈ ಹಾಕಿದರು. ಬೆರಳು ಅಲ್ಲೇ ನಿಂತಿತು. ಇನ್ನೊಂದನ್ನು ಮುಟ್ಟಿದರು, ಮತ್ತೊಂದನ್ನು ಮುಟ್ಟಿದರು.

“ಎಂಬತ್ತರ ನಂಬರ್ ಪೇಪರಾ?”

“ಹೂಂ ಮೇಡಂ.”

“ಒರಟು ಜಾಸ್ತಿ ಆಯ್ತು. ಇರ್ಲಿ, ನಿಮ್ಮ ಸೈನ್ಯಕ್ಕೆ ಸರಿಹೋಗುತ್ತೆ.” ಆಮೇಲೆ ತಗ್ಗಿದ ದನಿಯಲ್ಲಿ, “ನಡುವಿನ ನೋಟ ಹೋಗ್ತಾ ಇದೆಯಂತೆ. ಅಂಚಿಂದು ಉಳಿಯುತ್ತೆ ಅಂದ್ರು ಡಾಕ್ಟ್ರು. ಅಂಚಲ್ಲಿ ಯುದ್ಧ ನಡೆಯಲ್ಲ ನೋಡಿ. ಬನ್ನಿ, ಇವತ್ತು ಮುಗಿಸೋಣ.”

ಅವತ್ತು ಅಂಗಡಿಯಿಂದ ಎಷ್ಟು ಸಲ ಫೋನ್ ಬಂದರೂ ನಾನು ಎತ್ತಲಿಲ್ಲ. ದಾಳದಲ್ಲಿ ಬಿದ್ದದ್ದನ್ನು ನಾನು ಓದಿ ಹೇಳಬೇಕು. ಕೊನೆಗೆ ವ್ಯಾಪಾರಿ ಮಾತು ನಂಬೋ ಕಾಲ ಬಂತು ಎಂದು ಮೇಡಂ ಕೆಣಕಿದರು. ಅವರಿಗೆ ಆರು ಬಿದ್ದಾಗ ಆರು ಎಂದೇ ಓದಿದೆ, ನನಗೆ ಒಂದು ಬಿದ್ದಾಗ ಒಂದು ಎಂದೇ ಓದಿದೆ. ನನ್ನ ಕುದುರೆಗಳು ಎಂದಿನಂತೆ ಗೆದ್ದು ಲೂಟಿಗೆ ಹೋದವು. ನಾನೇ ಬಣ್ಣ ಹಚ್ಚಿದ ತುಕಡಿಯನ್ನು ಬೇಲಿಯ ಹಿಂದೆ ಅಡಗಿಸಿಟ್ಟು ಮುಂದಕ್ಕೆ ಕಳಿಸಲು ಮನಸ್ಸಾಗದೆ ಕೂತೆ, ಅಲ್ಲೇ ಸೋತೆ. ಮೇಡಂ ಎರಡೂ ಅಂಗೈಗಳನ್ನು ಹಲಗೆಯ ಮೇಲೆ ನಿಧಾನವಾಗಿ ಆಡಿಸುತ್ತಾ ಉಳಿದವರನ್ನೆಲ್ಲ ಮುಟ್ಟಿ ನೋಡಿದರು. ಎಲ್ಲ ತಟ್ಟೆಗಳೂ ನುಣುಪಾಗಿದ್ದವು, ಒರಟು ಅಂಚಿನ ನನ್ನದು ಒಂದೂ ಉಳಿದಿರಲಿಲ್ಲ.

“ಮುಗೀತಾ?”

“ಮುಗೀತು ಮೇಡಂ.”

“ಪೂರ್ತಿ?”

“ಪೂರ್ತಿ.”

“ಸರಿ, ಇನ್ನು ಅವರನ್ನ ಒಳಗಿಡಿ,” ಎಂದರು.

ಯುಗಾದಿ ಕಳೆದ ಮೇಲೆ ಮೇಡಂ, ಮೊದಲೇ ನಿಶ್ಚಯವಾಗಿದ್ದಂತೆ, ಹಾಸನದ ತಂಗಿಯ ಮನೆಯಲ್ಲೇ ಇರಲು ಹೋದರು. ಬಸವೇಶ್ವರನಗರದ ಆ ಹಾಲ್‌ನಲ್ಲಿ ಈಗ ಟ್ಯೂಷನ್ ನಡೆಯುತ್ತದೆ. ಫೋನಿನಲ್ಲಿ ಸಿಕ್ಕಾಗಲೆಲ್ಲ ಒಂದನ್ನು ಕೇಳುತ್ತೇನೆ: ಆ ಎರಡು ವಾರ ನನ್ನ ತುಕಡಿಯನ್ನು ನನ್ನ ಮೇಲೇ ನುಗ್ಗಿಸಿದ್ದು ಕಣ್ಣಿನ ದೋಷವೋ, ಹೊಂಚೋ? ಕೇಳಿದರೆ ನಗುತ್ತಾರೆ, ಆ ನಗುವಿನಿಂದ ನನಗೇನೂ ತಿಳಿಯುವುದಿಲ್ಲ. ಅಂದು ಯಾರು ಸರಿ, ರಾಜನೋ ಪಾರ್ಲಿಮೆಂಟೋ ಎನ್ನುವುದಂತೂ ಇವತ್ತಿಗೂ ಬಗೆಹರಿದಿಲ್ಲ.

ನೀವು ಈ ಯುದ್ಧದಾಟ ಶುರು ಮಾಡುವುದಾದರೆ ನನ್ನ ಮಾತು ಕೇಳಿ. ಎರಡು ಸೈನ್ಯ ಒಟ್ಟಿಗೆ ಕೊಳ್ಳಬೇಡಿ. ಇದು ಒಂದೇ ನಾಡಿನವರ ಜಗಳ. ಒಂದು ಡಬ್ಬ ತಂದು ಅರ್ಧಕ್ಕೆ ಕೆಂಪು, ಅರ್ಧಕ್ಕೆ ಕಿತ್ತಳೆ ಪಟ್ಟಿ ಬಳಿದರೆ ಎರಡು ಕಡೆಯೂ ತಯಾರು. ಅಂಟು ಹಾಕುವ ಮೊದಲು ತಲೆ ಯಾವ ಕಡೆಗಿದೆ ನೋಡಿಕೊಳ್ಳಿ. ನಿಯಮಗಳೆಲ್ಲ ಅರ್ಥವಾಗಲಿ ಎಂದು ಕಾಯುತ್ತಾ ಕೂರಬೇಡಿ, ಅವು ಅರ್ಥವಾಗುವುದಿಲ್ಲ. ಎದುರಿಗೆ ಕೂರುವವರು ಸಿಕ್ಕ ದಿನವೇ ಹಲಗೆ ಹಾಸಿ. ಅವರು ಇನ್ನೊಂದು ಸುತ್ತು ಆಡೋಣ ಎಂದರೆ ಗಡಿಯಾರ ನೋಡಬೇಡಿ, ದಾಳ ಎತ್ತಿಕೊಳ್ಳಿ.