ಸೈಮಿ ತೋರಿಸದ ಜಾಗ

ನಮ್ಮ ಊರಲ್ಲಿ ಗಂಡನನ್ನು ಯಾಕೆ ಬಿಟ್ಟೆ ಎಂದು ಬೇಕಾದರೆ ಕೇಳಬಹುದು, ಅಣಬೆ ಎಲ್ಲಿ ಕಿತ್ತೆ ಎಂದು ಮಾತ್ರ ಕೇಳಬಾರದು. ಅವರವರ ಜಾಗ ಅವರವರಿಗೆ. ಕದ್ದು ಹಿಂಬಾಲಿಸಿ ಇನ್ನೊಬ್ಬರ ಜಾಗದಲ್ಲಿ ಕೊಯ್ದು ತಂದವರ ಮನೆಯಲ್ಲಿ ಆಮೇಲೆ ಯಾರೂ ಕಾಫಿ ಕುಡಿಯುವುದಿಲ್ಲ. ನಾನು ಅದನ್ನೇ ಮಾಡಿದೆ, ಅದೂ ಸೈಮಿಯ ಜಾಗದಲ್ಲಿ.

ಸೈಮಿ ನನ್ನ ಗಂಡ ತೌನೊನ ಅಕ್ಕ. ಹದಿನೆಂಟು ವರ್ಷ ಬಟ್ಟೆ ಗಿರಣಿಯಲ್ಲಿ ಬಣ್ಣದ ತೊಟ್ಟಿಗಳ ಪಕ್ಕ ನಿಂತು ದುಡಿದವಳು. ಗಿರಣಿಯ ಹಿಂದಿನ ಹೊಳೆ ಸೋಮವಾರ ನೀಲಿ ಹರಿದರೆ ಗುರುವಾರ ಹಸಿರು ಹರಿಯುತ್ತಿತ್ತಂತೆ. ಅಂಗೈ ಬಿರಿದು ರಕ್ತ ಬರತೊಡಗಿದಾಗ ಕೆಲಸ ಬಿಟ್ಟು ಊರಿಗೆ ಬಂದು, ಅಂಗಳದಲ್ಲಿ ಒಲೆ ಹೂಡಿ, ಅಣಬೆಯಿಂದ ಉಣ್ಣೆಗೆ ಬಣ್ಣ ಹಾಕತೊಡಗಿದಳು. ಸ್ಪ್ರೂಸ್ ಮರದಡಿಯ ಪಾಚಿಯಲ್ಲಿ ಏಳುವ ರಕ್ತಗೆಂಪು ಪುಟ್ಟ ಅಣಬೆ ಅದು, ತಿನ್ನುವಂಥದ್ದಲ್ಲ. ಬಣ್ಣ ಹಿಡಿಯಲೆಂದು ಪಟಿಕದ ನೀರಲ್ಲಿ ನೆನೆಸಿದ ನೂಲನ್ನು ಅದರ ರಸದಲ್ಲಿಟ್ಟು, ಕುದಿಯದಂತೆ ಒಲೆಯ ಮುಂದೆ ಕಾದು ಕೂರುತ್ತಿದ್ದಳು. ಆ ನೂಲಿನಿಂದ ನನ್ನ ಮದುವೆಗೆ ಹೆಣೆದುಕೊಟ್ಟ ಕೆಂಪು ಕೈಗವಸು ಇನ್ನೂ ಮಾಸಿಲ್ಲ. ಬಣ್ಣದ ಪಾತ್ರೆ ಎಂದೂ ಅವಳ ಅಡುಗೆಮನೆಯ ಹೊಸಿಲು ದಾಟಿದ್ದಿಲ್ಲ.

ನಾನು ಪಟ್ಟಣದವಳು. ಮದುವೆಯಾಗಿ ಮೂರು ವರ್ಷವಾಗಿದ್ದರೂ ಅವಳು ನನ್ನನ್ನು ಒಮ್ಮೆಯೂ ಕಾಡಿಗೆ ಕರೆದಿರಲಿಲ್ಲ. ಅಣಬೆಯನ್ನು ಅಂಗಡಿಯಲ್ಲಿ ಮಾತ್ರ ನೋಡಿದವಳು ಎಂದು ಎಲ್ಲರೆದುರು ಚುಚ್ಚುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ದೂರದಿಂದ ಅವಳ ಹಿಂದೆ ಹೋದೆ. ಅವಳು ಬಗ್ಗಿದ ಜಾಗ ನೋಡಿಟ್ಟುಕೊಂಡು, ಅವಳು ಮರೆಯಾದ ಮೇಲೆ ನುಗ್ಗಿದೆ. ಪಾಚಿಯ ತುಂಬ ಹಳದಿ ಕಾಲಿನ ಕಂದು ಅಣಬೆ, ಸೂಪಿಗೆ ಹಾಕುವಂಥವು. ಸೈಮಿಯ ಜಾಗದಲ್ಲಿ ಕೆಟ್ಟದ್ದು ಯಾಕಿರುತ್ತದೆ ಎಂದುಕೊಂಡೆ. ಒಂದೊಂದಾಗಿ ನೋಡುವ ತಾಳ್ಮೆಯಿಲ್ಲದೆ ಚಾಕುವಿನಲ್ಲಿ ಮುಷ್ಟಿ ಮುಷ್ಟಿ ಕೊಯ್ದು ತಂದೆ. ಅರ್ಧಕ್ಕೆ ಕೆನೆ ಹಾಕಿ ಸೂಪು ಮಾಡಿದೆ. ತೌನೊ ಎರಡು ತಟ್ಟೆ ತಿಂದ, ನಾನು ಒಂದು. ಉಳಿದರ್ಧವನ್ನು ಅಟ್ಟದಲ್ಲಿ ಒಣಗಲು ಹರವಿದೆ.

ಮರುದಿನ ಮಧ್ಯಾಹ್ನ ಸೈಮಿ ಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಕರವಸ್ತ್ರ ಬಿಚ್ಚಿ, ತನ್ನ ಜಾಗದಲ್ಲಿ ಸಿಕ್ಕ ಅಣಬೆಯ ಎರಡು ಬುಡಗಳನ್ನು ಮೇಜಿನ ಮೇಲಿಟ್ಟಳು. ಕಿತ್ತಳೆ ಮಿಶ್ರಿತ ಕಂದು ಬಣ್ಣ, ಸುತ್ತ ಹಳದಿ ಪಟ್ಟೆ, ಮೇಲೆ ಚಾಕುವಿನ ಗುರುತು. ಅವಳು ಚಾಕು ಒಯ್ಯುವವಳೇ ಅಲ್ಲ, ತಿರುಚಿ ಬುಡಸಮೇತ ಎಬ್ಬಿಸುವವಳು. ಆರು ಮನೆ ಸುತ್ತಿ ಬಂದಿದ್ದಳು. ಜನ್ಮದಲ್ಲಿ ಯಾರಿಗೂ ಹೇಳದ ಜಾಗವನ್ನು ಆರು ಮನೆಯಲ್ಲೂ ಹೇಳಿದ್ದಳು. ಯಾರೂ ಒಪ್ಪಿಕೊಂಡಿರಲಿಲ್ಲ.

"ನೀನೇನಾದ್ರೂ ಹೋಗಿದ್ಯಾ, ಮಿರ್ಯಾ?"

"ಇಲ್ಲಕ್ಕ."

ಅವಳು ನಂಬಿದಳು. ಕರವಸ್ತ್ರ ಕಟ್ಟುತ್ತ, ಯಾರಾದರೂ ಬಾಯಿಬಿಟ್ಟರೆ ತನಗೆ ತಿಳಿಸು ಎಂದಳು.

"ತಿಂದೋರಿಗೆ ಇವತ್ತೇ ಏನೂ ಆಗಲ್ಲ. ವಾರ, ಹತ್ತು ದಿನ ಚೆನ್ನಾಗೇ ಓಡಾಡ್ಕೊಂಡಿರ್ತಾರೆ. ಆಮೇಲೆ ವಿಪರೀತ ಬಾಯಾರಿಕೆ, ಸೊಂಟ ನೋವು. ಅಷ್ಟೊತ್ತಿಗೆ ಕಿಡ್ನಿ ಹೋಗಿರುತ್ತೆ. ಇದಕ್ಕೆ ಮದ್ದಿಲ್ಲ ಕಣೇ."

ಅವಳು ಮುಂದಿನ ಮನೆಗೆ ಹೊರಟಳು. ನಾನು ಕುರ್ಚಿಯಲ್ಲೇ ಕೂತಿದ್ದೆ. ಗಂಡ ಸಾಯಬಹುದು ಅನ್ನುವುದು ಗೊತ್ತಾದ ಮೇಲೂ ಊರು ಏನನ್ನುತ್ತದೋ ಎಂದು ಯೋಚಿಸುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅರ್ಧ ಗಂಟೆ ಹಾಗೇ ಹೋಯಿತು. ತೌನೊ ಹಸಿದು ಬಂದವನೇ ನಿನ್ನೆಯ ಸೂಪು ಉಳಿದಿದೆಯಾ ಎಂದು ಕೇಳಿ, ಪಾತ್ರೆಯನ್ನು ಒಲೆಗಿಟ್ಟ. ನಾನು ಎದ್ದು ಪಾತ್ರೆಯನ್ನು ನೆಲಕ್ಕೆ ತಳ್ಳಿ, ಬರಿಗಾಲಲ್ಲಿ ರಸ್ತೆಗೆ ಓಡಿದೆ.

"ಅಕ್ಕ, ನಾನೇ ಕೊಯ್ದಿದ್ದು. ತೌನೊ ತಿಂದಿದಾನೆ."

ಸೈಮಿ ಬೈಯಲಿಲ್ಲ. ಒಳಗೆ ಬಂದು, ಅಟ್ಟದಲ್ಲಿ ಒಣಗುತ್ತಿದ್ದ ಅಣಬೆಯನ್ನೆಲ್ಲ ತರಿಸಿ ಪೇಪರಿನ ಮೇಲೆ ಸುರಿದು, ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಕರವಸ್ತ್ರ ಮತ್ತೆ ಬಿಚ್ಚಿ ಮೇಜಿನ ಮೇಲಿಟ್ಟದ್ದು ಎರಡು ಬುಡ. ಎರಡರ ತಲೆಯೂ ಈ ರಾಶಿಯಲ್ಲೇ ಸಿಕ್ಕಿಬಿಟ್ಟರೆ ನಾವು ಬಚಾವು. ನೆತ್ತಿ ಮೊನಚಾಗಿದ್ದ ಒಂದು ತಲೆ ಸಿಕ್ಕಿತು. ಸೈಮಿ ಅದನ್ನು ಬುಡದ ಮೇಲಿಟ್ಟಳು, ಸರಿಯಾಗಿ ಕೂತಿತು. ಇನ್ನೊಂದಕ್ಕಾಗಿ ರಾಶಿಯನ್ನು ಮೂರು ಸಲ ಮಗುಚಿದಳು. ಸಿಗಲಿಲ್ಲ.

ಇನ್ನೊಂದೆಲ್ಲಿ ಎಂದು ತೌನೊ ಕೇಳಿದ. ನಾವಿಬ್ಬರೂ ನೆಲದ ಮೇಲೆ ಚೆಲ್ಲಿದ್ದ ಸೂಪನ್ನು ನೋಡಿದೆವು.

ಅಂದೇ ಆಸ್ಪತ್ರೆಗೆ ಹೋದೆವು. ಕಾಯುವುದು ಬಿಟ್ಟರೆ ಮಾಡುವಂಥದ್ದೇನಿಲ್ಲ, ದಿನ ಬಿಟ್ಟು ದಿನ ಬಂದು ಇಬ್ಬರೂ ರಕ್ತ ಕೊಡಿ ಎಂದರು. ಸೈಮಿ ನಮ್ಮ ಮನೆಗೇ ಬಂದುಬಿಟ್ಟಳು. ಕೆಂಪು ಅಣಬೆ ಹೇರಳವಾಗಿ ಏಳುವ ವಾರ ಅದು. ಅವಳ ಅಂಗಳದ ಒಲೆ ಆರಿಯೇ ಇತ್ತು. ತೌನೊ ಲೋಟ ಎತ್ತಿದರೆ ಎಷ್ಟು ಕುಡಿದ ಎಂದು ನೋಡುತ್ತಿದ್ದೆ. ಬಗ್ಗಿ ಬೂಟು ಹಾಕಿಕೊಂಡರೆ ಸೊಂಟ ಹಿಡಿಯಿತೇ ಎಂದು ಕೇಳುತ್ತಿದ್ದೆ. ಅವನು ನಿದ್ದೆಹೋದ ಮೇಲೂ ಉಸಿರು ಎಣಿಸುತ್ತಿದ್ದೆ. ಆರನೆಯ ದಿನದ ಪರೀಕ್ಷೆಯವರೆಗೆ ಇಬ್ಬರದೂ ಚೆನ್ನಾಗಿಯೇ ಬಂತು.

ಎಂಟನೆಯ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ ಮೂವರೂ ಮೇಜಿನ ಸುತ್ತ ಕೂತಿದ್ದೆವು. ತೌನೊ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ನನ್ನ ಕಣ್ಣು ಅವನ ಲೋಟದ ಮೇಲೇ ಇತ್ತು. ಸೈಮಿ ನೀರಿನ ಹೂಜಿ ಎತ್ತಿದವಳು ಹಾಗೇ ಹಿಡಿದುಕೊಂಡು ನಿಂತಳು.

"ಈಗ ತಾನೇ ತುಂಬಿಸಿಟ್ಟಿದ್ದೆ. ಯಾರು ಕುಡಿದಿದ್ದು?"

ತೌನೊನ ಲೋಟ ಅವನ ಮುಂದೆ ತುಂಬಿಯೇ ಇತ್ತು. ಸೊಂಟಕ್ಕೆ ಒತ್ತಿ ಹಿಡಿದಿದ್ದ ನನ್ನ ಕೈಯನ್ನು ನಾನು ಆಗಷ್ಟೇ ನೋಡಿಕೊಂಡೆ.