ಗಲಗಲಿಯಲ್ಲಿ ನಿಂತ ಗಾಡಿ

ದೆವ್ವ, ಭೂತ, ಗಾಳಿ ಸೋಂಕು ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ನಗು ಬರುತ್ತಿತ್ತು, ಎದುರಿಗೇ ನಕ್ಕರೆ ಹಿರಿಯರಿಗೆ ಬೇಜಾರು. ನನಗೆ ಗೊತ್ತಿದ್ದ ಗಾಳಿ ಒಂದೇ, ಡೀಸೆಲ್ ಪೈಪಿನೊಳಗೆ ಸೇರಿಕೊಂಡು ಗಾಡಿ ಚಾಲೂ ಆಗದಂತೆ ಮಾಡುವ ಗಾಳಿ. ಅದನ್ನು ಬಿಡಿಸುವ ವಿದ್ಯೆಯೂ ನನ್ನ ಕೈಯಲ್ಲಿತ್ತು. ಹಾಗಿದ್ದವಳು ಈಗ ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಊರು ಮುಧೋಳ. ಮನೆಯವರು ನೌಕರಿಯಲ್ಲಿದ್ದಾರೆ. ನಾನು ಓದಿದ್ದು ವಿಜ್ಞಾನ, ಮಾಡಿದ್ದು ಕಬ್ಬಿನ ಸಸಿಗಳ ನರ್ಸರಿ. ಬಾಡಗಂಡಿ ಕಡೆಯ ರಸ್ತೆಗೆ ಹತ್ತಿಕೊಂಡಂತೆ ಒಂದು ತುಂಡು ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ ಹಿಡಿದು, ಗೆಳತಿ ಸುವರ್ಣಾಳ ಜೊತೆ ಅದನ್ನು ಶುರು ಮಾಡಿದ್ದೆ. ಕಬ್ಬಿನ ಒಂದೊಂದೇ ಕಣ್ಣು ಕತ್ತರಿಸಿ, ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಊರಿ, ಹಸಿರು ನೆರಳುಬಲೆಯ ಕೆಳಗೆ ಬೆಳೆಸಿ ರೈತರಿಗೆ ಮುಟ್ಟಿಸುವ ಕೆಲಸ. ಸುವರ್ಣಾ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ರಬಕವಿಗೆ ಕೊಟ್ಟಿದ್ದರು. ಗಂಡ ಮಗ್ಗದ ಕೆಲಸ ನೋಡಿಕೊಂಡರೆ ಇವಳು ದಿನಾ ಬೆಳಿಗ್ಗೆ ಬಸ್ಸು ಹಿಡಿದು ನರ್ಸರಿಗೆ ಬರುತ್ತಿದ್ದಳು. ಒಂದೇ ಡಬ್ಬಿಯಲ್ಲಿ ಉಂಡವರು ನಾವು. ನನಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನನ್ನ ತಲೆ ಬಾಚಿದವಳು ಅವಳು. ಇಷ್ಟು ಹೇಳಿದರೆ ಸಾಕು.

ನಮ್ಮ ಗಾಡಿ ಹಳೆಯ ಡೀಸೆಲ್ ಪಿಕಪ್. ಅದು ಸುವರ್ಣಾಳ ಅಪ್ಪ ಈರಪ್ಪ ಕಾಕಾನದು. ಕಾಕಾ ಅದರಲ್ಲಿ ಬೆಲ್ಲ, ಅರಿಷಿಣ, ಕಡೆಗೆ ಬೀಗರನ್ನೂ ಹೇರಿಕೊಂಡು ತಿರುಗಿದವರು. ವಯಸ್ಸಾದ ಮೇಲೆ ನರ್ಸರಿಗೆ ಕೊಟ್ಟುಬಿಟ್ಟರು. ಸುವರ್ಣಾಳಿಗೆ ಸ್ಟೇರಿಂಗ್ ಹಿಡಿಯಲು ಅಂಜಿಕೆ, ಹಾಗಾಗಿ ಓಡಿಸುವುದನ್ನು ನನಗೆ ಕಲಿಸಿದರು. ಓಡಿಸುವುದಷ್ಟೇ ಅಲ್ಲ, ಬಾನೆಟ್ ಎತ್ತಿ ಒಳಗೆ ಕೈ ಹಾಕುವುದನ್ನೂ ಕಲಿಸಿದರು. "ಇದರ ಸಪ್ಪಳಾ ಕೇಳಿ ಇಟಗೋ ಮಗಳ. ಜಡ್ಡ ಬಂದ್ರ ಮದ್ಲ ಸಪ್ಪಳದಾಗ ಹೇಳತೈತಿ" ಎನ್ನುತ್ತಿದ್ದರು. ಆ ಸಪ್ಪಳ ಬೇರೆ ಯಾವ ಗಾಡಿಗೂ ಇರಲಿಲ್ಲ. ಇಂಜಿನ್ನು ನಡುನಡುವೆ ಒಂದು ಬಡಿತ ನುಂಗುತ್ತಿತ್ತು, ಹಿಂದಿನ ಬಾಗಿಲಿನ ಸರಪಳಿ ಬಡಿದುಕೊಳ್ಳುತ್ತಿತ್ತು, ಹಾರನ್ನಿಗೆ ಗಂಟಲು ಕಟ್ಟಿತ್ತು. ಕಾಕಾ ತೀರಿಕೊಂಡ ಮೇಲೆ ಆ ಗಾಡಿ ನನ್ನ ಕೈಗೇ ಉಳಿಯಿತು. ಒಂದು ದಿನವೂ ನನ್ನನ್ನು ದಾರಿಯಲ್ಲಿ ನಿಲ್ಲಿಸಿರಲಿಲ್ಲ.

ಆ ದಿನ ಮುಂಜಾನೆ ಸುವರ್ಣಾ ಫೋನು ಮಾಡಿ, ಗಲಗಲಿಯ ಪರಪ್ಪನವರಿಗೆ ಇವತ್ತೇ ಸಸಿ ಬೇಕಂತೆ, ನಮ್ಮ ಅವ್ವನಿಗೆ ಆರಾಮಿಲ್ಲ, ನಾನು ಬರುವುದಿಲ್ಲ, ನೀನೇ ಹೋಗಿ ಇಳಿಸಿ ಬಾ ಎಂದಳು. ನರ್ಸರಿಯ ಕೆಲಸಕ್ಕಿದ್ದ ಗಂಗವ್ವ, ನಾನು ಇಬ್ಬರೂ ಕೂಡಿ ಟ್ರೇಗಳನ್ನು ಏರಿಸಿದೆವು. ಊಟ ಮಾಡಿಕೊಂಡು ಹೊರಟೆ.

ಗಲಗಲಿಯಲ್ಲಿ ಹೊಳೆಗೆ ಹೋಗುವ ದಾರಿಯ ಮಗ್ಗುಲಿಗೆ ಪರಪ್ಪನವರ ಹೊಲ. ಅವರು ಗಾಡಿಯನ್ನೂ ನನ್ನನ್ನೂ ನೋಡಿ ಬೆರಗಾದರು.

"ಸಸಿ ಯಾರ ಹೇಳ್ಯಾರ್ರೀ ತಂಗೀ? ನಾ ಹೇಳಿಲ್ಲ. ಹೊಲಾ ಇನ್ನಾ ನೇಗಲಾ ಹೊಡದಿಲ್ಲ ನೋಡ್ರಿ."

ಏನೋ ಹೆಸರು ಅದಲುಬದಲಾಗಿರಬೇಕು ಎಂದುಕೊಂಡೆ. ಅವರು ಚಹಾ ಕುಡಿಸಿದರು. ತಿರುಗಿ ಬಂದು ಕೀಲಿ ತಿರುವಿದೆ. ಸೆಲ್ಫ್ ಚೆನ್ನಾಗಿಯೇ ತಿರುಗಿತು, ಇಂಜಿನ್ ಮಾತ್ರ ಹಿಡಿಯಲಿಲ್ಲ. ಮತ್ತೆ ತಿರುವಿದೆ. ಹಿಡಿಯಲಿಲ್ಲ.

ಅಂಜಿಕೆಯೇನೂ ಆಗಲಿಲ್ಲ. ಬಾನೆಟ್ ಎತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಕಾ ಕಲಿಸಿದ ಸಾಲಿನಲ್ಲೇ ನೋಡುತ್ತ ಹೋದೆ. ಬ್ಯಾಟರಿ ಗಟ್ಟಿ ಇತ್ತು, ಇಲ್ಲದಿದ್ದರೆ ಸೆಲ್ಫ್ ಅಷ್ಟು ಜೋರಾಗಿ ತಿರುಗುತ್ತಿರಲಿಲ್ಲ. ಟಾಕಿಯಲ್ಲಿ ಎಣ್ಣೆ ಇತ್ತು. ಫಿಲ್ಟರಿನ ಮೇಲಿನ ಗುಬುಟು ಒತ್ತಿ ಒತ್ತಿ ಪಂಪು ಮಾಡಿದೆ. ಪಕ್ಕದ ಸ್ಕ್ರೂ ಸಡಿಲಿಸಿದರೆ ಒಂದು ಗುಳ್ಳೆಯೂ ಇಲ್ಲದ ಶುದ್ಧ ಡೀಸೆಲ್ ಬಂತು, ಅಂದರೆ ಗಾಳಿ ಹಿಡಿದಿಲ್ಲ. ಡೀಸೆಲ್ ಪಂಪಿಗೆ ಹೋಗುವ ವೈರು ಬಿಚ್ಚಿಕೊಂಡರೂ ಇಂಜಿನ್ ಹಿಡಿಯುವುದಿಲ್ಲ, ಅದೂ ಸರಿಯಾಗಿತ್ತು. ಕಡೆಗೆ ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡು, ಇಂಜಿನ್ನಿನೊಳಗೆ ಎಣ್ಣೆ ಚಿಮ್ಮಿಸುವ ನಾಝಲ್ಲಿನ ಪೈಪು ಸಡಿಲಿಸಿ, ಪರಪ್ಪನವರಿಗೆ ಕೀಲಿ ತಿರುವಲು ಹೇಳಿದೆ. ಎಣ್ಣೆ ಚಿಮ್ಮಿ ನನ್ನ ಕೈಗೇ ಬಡಿಯಿತು. ಮತ್ತೆ ಬಿಗಿ ಮಾಡಿ ತಿರುವಿದರೆ ಏನೂ ಇಲ್ಲ. ಹಿಂದಿನ ಕೊಳವೆಯಿಂದ ಹೊಗೆಯ ಎಳೆಯೂ ಬರಲಿಲ್ಲ.

ಡೀಸೆಲ್ ಇಂಜಿನ್ನಿಗೆ ಬೇಕಾದದ್ದು ಎರಡೇ, ಎಣ್ಣೆ ಮತ್ತು ಒತ್ತಡದ ಗಾಳಿ. ಎರಡೂ ಸಿಕ್ಕ ಮೇಲೆ ಅದು ಉರಿಯಲೇಬೇಕು. ಉರಿಯದಿದ್ದರೂ ಒಳಗೆ ಹೋದ ಎಣ್ಣೆ ಬಿಳೀ ಹೊಗೆಯಾಗಿ ಹೊರಗೆ ಬರಬೇಕು. ಇಲ್ಲಿ ಎಣ್ಣೆ ಎಲ್ಲಿಗೆ ಹೋಗುತ್ತಿತ್ತು? ನನಗೆ ಅದು ಇವತ್ತಿಗೂ ತಿಳಿದಿಲ್ಲ. ಪರಪ್ಪನವರು, "ಟ್ರ್ಯಾಕ್ಟರ್ ತರತೇನಿ ತಡೀರಿ, ಜಗ್ಗಿ ನೋಡೂಣು" ಎಂದು ಊರೊಳಗೆ ಹೋದರು. ನಾನು ಒಬ್ಬಳೇ ಉಳಿದೆ. ಮಧ್ಯಾಹ್ನ ಇಳಿಯುವ ಹೊತ್ತು, ಒಳ್ಳೇ ಬಿಸಿಲು, ದಾರಿಯಲ್ಲಿ ಯಾರೂ ಇರಲಿಲ್ಲ. ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಸುವರ್ಣಾಳಿಗೆ ಫೋನು ಹಚ್ಚಿದೆ.

"ಸುವ್ವೀ, ಪರಪ್ಪನವ್ರು ಸಸಿ ಕೇಳೇ ಇಲ್ಲಂತಲೇ. ಇಲ್ಲಿ ನೋಡಿದ್ರ ಗಾಡಿ ಚಾಲೂ ಆಗವಲ್ದು. ನೀ ಎಲ್ಲಿ ಅದೀ?"

"ಮನ್ಯಾಗ ಅದೇನಿ ಅಕ್ಕಾ. ಅವ್ವನ ಮಗ್ಗಲದಾಗ ಕುಂತೇನಿ" ಎಂದಳು. ಅದರ ಬೆನ್ನಿಗೇ, "ಚಾಲೂ ಆತಲ್ಲ ಮತ್ತ?" ಎಂದಳು.

"ಯಾವುದು?"

"ಗಾಡಿ. ಸಪ್ಪಳಾ ಕೇಳಾಕತ್ತೈತಿ."

ಆಗ ನನಗೂ ಕೇಳಿಸಿತು. ಅವಳ ಮಾತಿನ ಹಿಂದೆ, ದೂರದಿಂದ ಒಂದು ಗಾಡಿ ಬರುತ್ತಿತ್ತು. ನಡುನಡುವೆ ಬಡಿತ ನುಂಗುವ ಇಂಜಿನ್, ಬಡಿದುಕೊಳ್ಳುವ ಸರಪಳಿ. ನಾನು ಫೋನನ್ನು ಕಿವಿಯಿಂದ ತೆಗೆದೆ. ಸುತ್ತ ಕಬ್ಬಿನ ಗರಿಗಳ ಸದ್ದು ಬಿಟ್ಟರೆ ಏನೂ ಇಲ್ಲ. ಗಾಡಿಯ ಮೇಲೆ ಕೈ ಇಟ್ಟೆ. ಅದು ಕಲ್ಲಿನ ಹಾಗೆ ನಿಂತಿತ್ತು. ಫೋನನ್ನು ಮತ್ತೆ ಕಿವಿಗೆ ಹಿಡಿದರೆ ಸಪ್ಪಳ ಇನ್ನೂ ಹತ್ತಿರ ಬಂದಿತ್ತು. ಗೇರು ಇಳಿಸಿದ್ದು ಕೇಳಿತು. ಆಮೇಲೆ ಗಂಟಲು ಕಟ್ಟಿದ ಆ ಹಾರನ್ನು, ನರ್ಸರಿಯ ಗೇಟಿನ ಮುಂದೆ ಗಂಗವ್ವನನ್ನು ಕರೆಯಲು ಹೊಡೆಯುವ ಹಾಗೆ.

ನನಗಿಂತ ಹೆಚ್ಚು ಗಾಬರಿಯಾದವಳು ಸುವರ್ಣಾ.

"ಅಕ್ಕಾ... ಗಲಗಲ್ಯಾಗ ಅದೇನಿ ಅಂದಿ?"

"ಗಲಗಲ್ಯಾಗ ಅದೇನಿ."

"ಸುಳ್ಳ ಹೇಳಬ್ಯಾಡ ಅಕ್ಕಾ. ಬಾಗಲಕ್ಕ ಬಂದ ನಿಂತೀದಿ. ನಿನಗ ಗೊತ್ತಾಗೇತಿ ಹೌದಿಲ್ಲೊ? ಯಾರ ಹೇಳಿದ್ರು? ಒಳಗ ಬಾ, ನಾನೇ ಎಲ್ಲಾ ಹೇಳತೇನಿ. ನಮ್ಮ ಮೈದುನಾ ಬ್ಯಾರೆ ನರ್ಸರಿ ಮಾಡಾಕ ಜಮಖಂಡಿ ರಸ್ತೇದಾಗ ಜಾಗಾ ಹಿಡದಾನ. ನೀ ಬರೂದ್ರಾಗ ಎಲ್ಲಾ ಒಯ್ದ ಮುಗಸೂಣು ಅಂದ. ಪರಪ್ಪನವ್ರ ಹೆಸರ ನಾನೇ ಹೇಳಿದ್ದು. ನಿನ್ನ ಮುಖಾ ನೋಡಿ ಹೇಳೂ ಧೈರ್ಯ ಆಗಲಿಲ್ಲ ಅಕ್ಕಾ..."

ಅವಳು ಅವ್ವನ ಮಗ್ಗುಲಿಗೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ನಮ್ಮ ನರ್ಸರಿಯಲ್ಲಿ ನಿಂತು, ಟ್ರೇ, ಬಲೆ, ಕಣ್ಣು ಕತ್ತರಿಸುವ ಯಂತ್ರ ಎಲ್ಲವನ್ನೂ ಮೈದುನನ ಗಾಡಿಗಳಿಗೆ ಹೇರಿಸುತ್ತಿದ್ದಳು. ಫೋನಿನಲ್ಲಿ ಆ ಇಂಜಿನ್ನು ಕಡೆಯ ಸಲ ಒಮ್ಮೆ ಮೈ ಕೊಡವಿ ನಿಂತದ್ದು ಕೇಳಿತು. "ಗಂಗವ್ವಾ, ಬಾಗಲಾ ತಗೀ" ಎಂದು ಸುವರ್ಣಾ ಕೂಗಿದಳು. ಗೇಟಿನ ಕಿರಿಗುಟ್ಟುವ ಸದ್ದು. ಆಮೇಲೆ ದೂರದಿಂದ ಗಂಗವ್ವನ ದನಿ: "ಯಾರೂ ಇಲ್ಲಲ್ಲಬೇ!" ಅಲ್ಲಿಗೆ ಫೋನು ಕಡಿಯಿತು.

ಪರಪ್ಪನವರ ಟ್ರ್ಯಾಕ್ಟರಿನ ಸದ್ದು ಕೇಳಿದ ಮೇಲೆ ಗಾಡಿ ಏರಿ ಕೀಲಿ ತಿರುವಿದೆ. ಒಂದೇ ಹೊಡೆತಕ್ಕೆ ಚಾಲೂ ಆಯಿತು. "ಮತ್ತೇನ ಮಾಡಿದ್ರಿ ತಂಗೀ?" ಎಂದು ಅವರು ಕೇಳಿದರು. ನಾನು ಏನೂ ಮಾಡಿರಲಿಲ್ಲ.

ನರ್ಸರಿ ಮುಟ್ಟುವ ಹೊತ್ತಿಗೆ ಸುವರ್ಣಾ ಇರಲಿಲ್ಲ. ನೆರಳುಬಲೆಯ ಕಂಬಗಳು ಬತ್ತಲೆ ನಿಂತಿದ್ದವು. ಒಯ್ಯಲಾಗದ ಕೆಲವು ಟ್ರೇಗಳು ಬೋರಲಾಗಿ ಬಿದ್ದು, ಎಳೆ ಸಸಿಗಳ ಬೇರು ಬಿಸಿಲಿಗೆ ಒಣಗಿದ್ದವು. ಗಂಗವ್ವ ನೀರಿನ ಟಾಕಿಯ ಕಟ್ಟೆಗೆ ಒರಗಿ ಕುಳಿತಿದ್ದಳು. "ನನ್ನ ಕಿವೀಲೆ ಕೇಳೇನ್ರಿ ಅಕ್ಕಾರ, ನಿಮ್ಮದs ಗಾಡಿ. ಬಾಗಲಾ ತಗದ ನೋಡಿದ್ರ ರಸ್ತೆ ಖಾಲಿ. ಈರಪ್ಪ ಕಾಕಾನ ಬಂದಿದ್ರು" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ನಾನು ಗೇಟಿನ ಮುಂದಿನ ಮಣ್ಣು ನೋಡಿದೆ. ಹೇರಿಕೊಂಡು ಹೋದ ಗಾಡಿಗಳ ಗಾಲಿಗಳು ಅಲ್ಲೆಲ್ಲ ತುಳಿದು ಹೋಗಿದ್ದವು. ಅದರಲ್ಲಿ ಏನು ಗುರುತು ಹಿಡಿಯುವುದು?

ಆಮೇಲೆ ನಾನು ಬಹಳ ತಲೆ ಕೆಡಿಸಿಕೊಂಡೆ. ಅಂಥದೇ ಇನ್ನೊಂದು ಹಳೇ ಪಿಕಪ್ ಆ ಹೊತ್ತಿಗೆ ಅಲ್ಲಿ ಬಂದು ಹೋಗಿರಬಹುದು ಎಂದು ಮನೆಯವರು ಹೇಳಿದರು. ಹಾರನ್ನೂ ಅದೇ, ಸರಪಳಿಯೂ ಅದೇ ಇರುವ ಗಾಡಿ ಗೇಟಿನ ಮುಂದೆ ನಿಂತು, ಗೇಟು ತೆಗೆಯುವಷ್ಟರಲ್ಲಿ ಎಲ್ಲಿಗೆ ಹೋಯಿತು? ಮುಧೋಳದ ಮಿಸ್ತ್ರಿ ಇಂಜಿನ್ನು ಪೂರಾ ಬಿಚ್ಚಿ ನೋಡಿ, ಏನೂ ಆಗಿಲ್ಲ ಎಂದ. ಆಮೇಲೆ ಒಮ್ಮೆಯೂ ಅದು ಕೆಟ್ಟಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಬೇರೆ. ಗಂಗವ್ವ ಹೇಳಿದ ಹಾಗೆ ಕಾಕಾನೇ ಬಂದಿದ್ದರೆ, ಅವರು ಯಾರ ಕಡೆಗಿದ್ದರು? ಗಾಡಿ ಅಲ್ಲಿ ನಿಲ್ಲದೆ ಹೋಗಿದ್ದರೆ ನಾನು ಹೊತ್ತಿಗೆ ಸರಿಯಾಗಿ ನರ್ಸರಿ ಮುಟ್ಟುತ್ತಿದ್ದೆ. ಗೇಟಿಗೆ ಅಡ್ಡ ನಿಂತು ಒಂದು ಟ್ರೇ ಕೂಡ ಹೋಗಗೊಡುತ್ತಿರಲಿಲ್ಲ. ಮಗಳ ಕೆಲಸ ಮುಗಿಯಲಿ ಎಂದು ನನ್ನನ್ನು ಹೊಳೆದಂಡೆಯಲ್ಲಿ ಕಟ್ಟಿಹಾಕಿದರೇ? ಹಾಗಿದ್ದರೆ ಅವಳನ್ನು ಅಂಜಿಸಿ ಬಾಯಿ ಬಿಡಿಸಿದ್ದು ಯಾಕೆ? ನನ್ನನ್ನು ಮಗಳೇ ಎಂದು ಕರೆದವರು. ಸುವರ್ಣಾಳ ಮೇಲೆ ಬಂದ ಸಿಟ್ಟಿಗೆ ಒಂದು ದಾರಿ ಇತ್ತು. ಸತ್ತವರ ಮೇಲೆ ಬಂದ ಈ ಸಂಶಯಕ್ಕೆ ಯಾವ ದಾರಿಯೂ ಇಲ್ಲ.

ನರ್ಸರಿಯನ್ನು ನಾನು ಮತ್ತೆ ಕಟ್ಟಿದೆ, ಗಂಗವ್ವ ಜೊತೆಗೆ ನಿಂತಳು. ಸುವರ್ಣಾಳ ಮುಖ ನೋಡದೆ ಬಹಳ ದಿನ ಕಳೆದವು. ಹೋದ ವರ್ಷ ಬನಹಟ್ಟಿಯಲ್ಲಿ ಒಂದು ಮದುವೆ. ಊಟ ಮುಗಿಸಿ, ರಾಶಿ ಬಿದ್ದ ಚಪ್ಪಲಿಗಳಲ್ಲಿ ನನ್ನವನ್ನು ಹುಡುಕುತ್ತಿದ್ದೆ. ಯಾರೋ ಅವನ್ನು ತಂದು ನನ್ನ ಕಾಲ ಹತ್ತಿರ ಇಟ್ಟರು. ತಲೆ ಎತ್ತಿದರೆ ಸುವರ್ಣಾ. ಸೊರಗಿದ್ದಳು. ಮೈದುನ ಎಲ್ಲವನ್ನೂ ತನ್ನದೇ ಮಾಡಿಕೊಂಡು ಅವಳನ್ನು ಹೊರಗೆ ಹಾಕಿದ್ದಾನೆಂದು ನನಗೆ ಸುದ್ದಿ ಬಂದಿತ್ತು.

"ಒಂದ ಮಾತ ಕೇಳತೇನಿ, ಖರೆ ಹೇಳ ಅಕ್ಕಾ" ಎಂದಳು. "ಅವತ್ತ ಬಾಗಲಕ್ಕ ಬಂದವಳು ಒಳಗ್ಯಾಕ ಬರಲಿಲ್ಲ? ಬಂದ ನನ್ನ ಕಪಾಳಕ್ಕ ಹೊಡದಿದ್ರ ಎಲ್ಲಾ ಅಲ್ಲೇ ನಿಂದರತಿತ್ತು. ನಾ ಗೇಟಿನ ತನಕಾ ಓಡಿ ಬರೂದ್ರಾಗ ನೀ ಹೋಗಿಬಿಟ್ಟಿದ್ದಿ."

"ನಾ ಬಂದಿಲ್ಲ ಸುವ್ವೀ. ಗಲಗಲ್ಯಾಗs ಇದ್ದೆ" ಎಂದೆ.

ಅವಳ ಕಣ್ಣು ತುಂಬಿ ಬಂತು.

"ಇಷ್ಟೆಲ್ಲಾ ಆದಮ್ಯಾಲೂ ನೀ ನನಗ ಸುಳ್ಳ ಹೇಳತಿ" ಎಂದು, ನನ್ನ ಮಾತಿಗೆ ಕಾಯದೆ, ಮಂದಿಯೊಳಗೆ ಹೊರಟುಹೋದಳು.